ಪ್ಲಾಟಿನಂ ಮೇಲೊಂದು ಲೆಕ್ಕ, ಸೀರಿಯಾ ಒಳಗೊಂದು ಲೆಕ್ಕ

ಇಂಧನ ಕೋಶದಲ್ಲಿ ಹೈಡ್ರೋಜನ್ ಹೊತ್ತಿ ಉರಿಯುವುದಿಲ್ಲ. ಆನೋಡಿನಲ್ಲಿ ಅದರ ಅಣು ಒಡೆದು ಪ್ರೋಟಾನು, ಎಲೆಕ್ಟ್ರಾನುಗಳಾಗುತ್ತದೆ. ಪ್ರೋಟಾನು ತೆಳುವಾದ ಪೊರೆಯೊಳಗಿಂದ ಹಾಯುತ್ತದೆ, ಎಲೆಕ್ಟ್ರಾನು ಹೊರಗಿನ ತಂತಿ ಸುತ್ತಿ ಬರುತ್ತದೆ. ಕ್ಯಾಥೋಡಿನಲ್ಲಿ ಎರಡೂ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತವೆ. ವಿಲಿಯಂ ಗ್ರೋವ್ 1839ರಲ್ಲೇ ಪ್ಲಾಟಿನಂ ಪಟ್ಟಿಗಳನ್ನಿಟ್ಟು ಇದನ್ನು ತೋರಿಸಿದ್ದ. ಸಿದ್ಧಾಂತದ ಪ್ರಕಾರ ಒಂದು ಕೋಶದಿಂದ 1.23 ವೋಲ್ಟ್ ಸಿಗಬೇಕು, ಹೊರೆ ಬಿದ್ದಾಗ ಕೈಗೆ ಬರುವುದು ಹೆಚ್ಚುಕಡಿಮೆ 0.6ರಿಂದ 0.7 ವೋಲ್ಟ್. ಈ ನಷ್ಟದ ದೊಡ್ಡ ಪಾಲು ಕ್ಯಾಥೋಡಿನದು. ಹೈಡ್ರೋಜನ್ ಸುಲಭವಾಗಿ ಒಡೆಯುತ್ತದೆ, ಆಮ್ಲಜನಕ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಅಷ್ಟು ದುಬಾರಿಯಾದ ಪ್ಲಾಟಿನಂ ಕೂಡ ಅದನ್ನು ಪೂರ್ತಿ ಪಳಗಿಸಿಲ್ಲ.

ಕಾರಣವನ್ನು ಫ್ರಾನ್ಸಿನ ಪಾಲ್ ಸಬಾಟಿಯೇ ನೂರು ವರ್ಷಗಳಿಗೂ ಹಿಂದೆಯೇ ಸೂಚಿಸಿದ್ದರು. ವೇಗವರ್ಧಕದ ಮೇಲ್ಮೈ ಅಣುವನ್ನು ಸಡಿಲವಾಗಿ ಹಿಡಿದರೆ ಅಣು ಒಡೆಯುವುದಿಲ್ಲ, ಬಿಗಿಯಾಗಿ ಹಿಡಿದರೆ ಉತ್ಪನ್ನ ಬಿಟ್ಟು ಹೋಗುವುದಿಲ್ಲ. ಬೆಲ್ಲದ ಗಾಣದಲ್ಲಿ ಪಾಕಕ್ಕೆ ಹದ ಇರುವಂತೆ ಈ ಹಿಡಿತಕ್ಕೂ ಒಂದು ಹದವಿದೆ. ಹದ ಎಲ್ಲಿದೆ ಎಂಬುದು ಮಾತ್ರ ಬಹುಕಾಲ ಅನುಭವದ ಮಾತಾಗಿಯೇ ಉಳಿಯಿತು. ಅದಕ್ಕೆ ಅಂಕಿ ಕೊಟ್ಟದ್ದು ಕಂಪ್ಯೂಟರ್.

ಲೋಹದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಅಸಂಖ್ಯ, ಒಂದೊಂದೂ ಉಳಿದೆಲ್ಲವನ್ನೂ ತಳ್ಳುತ್ತದೆ. ಪ್ರತಿಯೊಂದನ್ನೂ ಬಿಡಿಸಿ ಲೆಕ್ಕ ಹಾಕುವುದು ಅಸಾಧ್ಯ. 1964ರಲ್ಲಿ ಹೋಹೆನ್‌ಬರ್ಗ್ ಮತ್ತು ವಾಲ್ಟರ್ ಕೋನ್, ಮರುವರ್ಷ ಕೋನ್ ಮತ್ತು ಶಾಮ್ ಒಂದು ದಾರಿ ತೋರಿದರು. ಎಲೆಕ್ಟ್ರಾನುಗಳ ಒಟ್ಟು ಸಾಂದ್ರತೆ ಜಾಗದಲ್ಲಿ ಹೇಗೆ ಹರಡಿದೆ ಎಂದು ತಿಳಿದರೆ ಸಾಕು, ಶಕ್ತಿ ಎಷ್ಟೆಂದು ಅದರಿಂದಲೇ ಹೇಳಬಹುದು. ಡಿಎಫ್‌ಟಿ ಎಂದು ಕರೆಯುವ ಈ ವಿಧಾನಕ್ಕಾಗಿ ಕೋನ್ 1998ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. ಸಂಶೋಧಕರು ಪ್ಲಾಟಿನಂನ ನಾಲ್ಕೈದು ಪದರಗಳ ಸಣ್ಣ ತುಂಡನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾರೆ, ಮೇಲೆ ಒಂದಿಷ್ಟು ಖಾಲಿ ಜಾಗ ಬಿಡುತ್ತಾರೆ, ಅದೇ ತುಂಡು ಎಲ್ಲ ದಿಕ್ಕಿಗೂ ಮರುಕಳಿಸುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ಆಮೇಲೆ ಆಮ್ಲಜನಕವನ್ನು ಅದರ ಮೇಲೆ ಕೂರಿಸಿ ಶಕ್ತಿ ಎಷ್ಟು ಇಳಿಯಿತು ಎಂದು ನೋಡುತ್ತಾರೆ.

ಡೆನ್ಮಾರ್ಕಿನ ಯೆನ್ಸ್ ನೋರ್ಸ್ಕೋವ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಬಂಧ ಇಂಧನ ಕೋಶದ ಲೆಕ್ಕವನ್ನು ಒಮ್ಮೆಗೇ ಸುಲಭ ಮಾಡಿತು. ದ್ರಾವಣದಲ್ಲಿರುವ ಪ್ರೋಟಾನಿನ ಶಕ್ತಿಯನ್ನು ನೇರವಾಗಿ ಲೆಕ್ಕ ಹಾಕುವುದು ಬಲು ತೊಡಕು. ಅವರು ಅದನ್ನು ಲೆಕ್ಕ ಹಾಕಲೇ ಇಲ್ಲ. ಹೈಡ್ರೋಜನ್ ವಿದ್ಯುದ್ವಾರದಲ್ಲಿ ಸೊನ್ನೆ ವೋಲ್ಟಿನಲ್ಲಿ ಪ್ರೋಟಾನು ಮತ್ತು ಎಲೆಕ್ಟ್ರಾನಿನ ಜೋಡಿ ಅರ್ಧ ಹೈಡ್ರೋಜನ್ ಅಣುವಿಗೆ ಸಮ, ಆದ್ದರಿಂದ ಅನಿಲದ ಲೆಕ್ಕವೇ ಸಾಕು ಎಂದರು. ಈ ಜಾಣತನಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಲೋಹಗಳನ್ನೆಲ್ಲ ಹೀಗೆ ಸಾಲಾಗಿಟ್ಟು ನೋಡಿದರೆ ಚಟುವಟಿಕೆ ಬೆಟ್ಟದಂತೆ ಏರಿ ಇಳಿಯುತ್ತದೆ. ಚಿನ್ನ ಒಂದು ಇಳಿಜಾರಿನ ಕೆಳಗೆ, ಆಮ್ಲಜನಕವನ್ನು ಅದು ಹಿಡಿಯುವುದೇ ಇಲ್ಲ. ಪ್ಲಾಟಿನಂ ಶಿಖರದ ಹತ್ತಿರ, ಆದರೆ ಹಿಡಿತ ತುಸು ಬಿಗಿ. ಬೆಟ್ಟದ ತುದಿಗೂ ಒಂದು ಮಿತಿಯಿದೆ. ಕ್ರಿಯೆಯ ನಡುವೆ ಹುಟ್ಟುವ ಎರಡು ತುಣುಕುಗಳ, ಅಂದರೆ ಒಒಎಚ್ ಮತ್ತು ಒಎಚ್‌ಗಳ ಶಕ್ತಿಯ ಅಂತರ ಆದರ್ಶ ಸ್ಥಿತಿಯಲ್ಲಿ 2.46 ಎಲೆಕ್ಟ್ರಾನ್ ವೋಲ್ಟ್ ಇರಬೇಕು. ಲೋಹ ಯಾವುದೇ ಇರಲಿ, ಅದು ಸುಮಾರು 3.2ರಲ್ಲೇ ನಿಲ್ಲುತ್ತದೆ. ಒಂದನ್ನು ಸಡಿಲಿಸಿದರೆ ಇನ್ನೊಂದೂ ಸಡಿಲವಾಗುತ್ತದೆ. ಹಾಗಾಗಿ ಶುದ್ಧ ಲೋಹಗಳ ಸಾಲಿನಲ್ಲಿ ಎಷ್ಟು ಹುಡುಕಿದರೂ 0.3–0.4 ವೋಲ್ಟಿನ ನಷ್ಟ ತಪ್ಪದು.

ಪ್ಲಾಟಿನಂನ ಹಿಡಿತವನ್ನು ಅಷ್ಟಿಷ್ಟು ಸಡಿಲಿಸಲು ಮಿಶ್ರಲೋಹ ಬೇಕು. ಅಮೆರಿಕದ ಸ್ಟಾಮೆಂಕೋವಿಚ್ ಮತ್ತು ಮಾರ್ಕೋವಿಚ್ ತಂಡ 2007ರಲ್ಲಿ ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಇರುವ ಹರಳಿನ ಒಂದು ಮುಖ ಶುದ್ಧ ಪ್ಲಾಟಿನಂನ ಅದೇ ಮುಖಕ್ಕಿಂತ ಹತ್ತು ಪಟ್ಟು ಚುರುಕು ಎಂದು ಕಂಡಿತು. ಟೊಯೊಟಾದ ಮಿರಾಯ್ ಕಾರಿನ ಕ್ಯಾಥೋಡಿನಲ್ಲಿರುವುದೂ ಪ್ಲಾಟಿನಂ–ಕೋಬಾಲ್ಟ್. ಲೆಕ್ಕವೇ ಮುಂದೆ ನಡೆದ ಉದಾಹರಣೆ 2009ರದು: ಪ್ಲಾಟಿನಂಗೆ ಇಟ್ರಿಯಂ ಅಥವಾ ಸ್ಕ್ಯಾಂಡಿಯಂ ಬೆರೆಸಿ ನೋಡಿ ಎಂದು ಕಂಪ್ಯೂಟರ್ ಸೂಚಿಸಿತು, ಪ್ರಯೋಗ ಹೌದೆಂದಿತು. ಆದರೆ ಇಟ್ರಿಯಂ ಗಾಳಿ ಸೋಕಿದರೆ ಆಕ್ಸೈಡ್ ಆಗಿಬಿಡುತ್ತದೆ. ಅದನ್ನು ನ್ಯಾನೊ ಪುಡಿಯಾಗಿ ತಯಾರಿಸುವುದು ಎಷ್ಟು ಕಷ್ಟವೆಂದು ಲೆಕ್ಕ ಹೇಳಿರಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ.

ಕರ್ನಾಟಕದ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ಪುಡಿ ಮೊದಲು ಬಂತು, ಲೆಕ್ಕ ಆಮೇಲೆ. ಅದರ ಹಿನ್ನೆಲೆ ಇಂಧನ ಕೋಶವಲ್ಲ, ವಾಹನದ ಹೊಗೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದ್, ಮನ್ನಾಎಖ್ಖೆಳ್ಳಿ ದಾಟಿ ಹೋಗುವ ಹೊಸ ಲಾರಿಗಳ ಹೊಗೆಕೊಳವೆಯಲ್ಲಿ ಬಿಎಸ್–6 ನಿಯಮ ಜಾರಿಯಾದ 2020ರ ಏಪ್ರಿಲ್‌ನಿಂದ ಉತ್ಕರ್ಷಣ ವೇಗವರ್ಧಕ ಇರಲೇಬೇಕು. ಪ್ಲಾಟಿನಂ, ಪಲ್ಲಾಡಿಯಂ ಲೇಪದ ಮೇಲೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇದು ಮೇಲ್ಮೈಯಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಗೆ ನಡೆಯುತ್ತದೆಂದು ಬಿಡಿಸಿ ತೋರಿದ ಗೆರ್‌ಹಾರ್ಡ್ ಎರ್ಟ್ಲ್ ಅವರಿಗೆ 2007ರ ನೊಬೆಲ್ ಸಂದಿತು. ತೊಡಕೊಂದೇ: ತಣ್ಣಗಿರುವಾಗ ಕಾರ್ಬನ್ ಮಾನಾಕ್ಸೈಡ್ ಲೋಹದ ಜಾಗವನ್ನೆಲ್ಲ ತಾನೇ ಆಕ್ರಮಿಸಿ ಆಮ್ಲಜನಕಕ್ಕೆ ಎಡೆಗೊಡುವುದಿಲ್ಲ. ಇಂಧನ ಕೋಶದ ಆನೋಡಿಗೆ ವಿಷವಾಗುವುದೂ ಇದೇ ಅನಿಲ. ಅಲ್ಲಿ ಪ್ಲಾಟಿನಂ ಜತೆ ರುಥೇನಿಯಂ ಬೆರೆಸುವುದು ರೂಢಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ 1980ರ ದಶಕದಲ್ಲಿ ದ್ರಾವಣ ದಹನ ವಿಧಾನವನ್ನು ರೂಪಿಸಿದರು. ಲೋಹದ ನೈಟ್ರೇಟನ್ನು ಯೂರಿಯಾದಂಥ ಇಂಧನದ ಜತೆ ನೀರಿನಲ್ಲಿ ಕರಗಿಸಿ ಬಿಸಿ ಕುಲುಮೆಗೆ ಇಟ್ಟರೆ ದ್ರಾವಣ ನೊರೆಯೆದ್ದು ಹೊತ್ತಿಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ಉಳಿಯುತ್ತದೆ. ಅದೇ ಸಂಸ್ಥೆಯ ಎಂ.ಎಸ್. ಹೆಗಡೆ ಈ ವಿಧಾನದಿಂದ ಸೀರಿಯಂ ಆಕ್ಸೈಡಿನೊಳಗೆ, ಅಂದರೆ ಸೀರಿಯಾದೊಳಗೆ, ನೂರಕ್ಕೆ ಒಂದೆರಡು ಪಾಲು ಪಲ್ಲಾಡಿಯಂ ಅಥವಾ ಪ್ಲಾಟಿನಂ ಸೇರಿಸಿದರು. ಲೋಹ ಇಲ್ಲಿ ಕಣವಾಗಿ ಕೂರದೆ ಅಯಾನಾಗಿ ಹರಳಿನ ಚೌಕಟ್ಟಿಗೇ ಸೇರಿಕೊಂಡಿತು. ನಾಲ್ಕು ಧನಾವೇಶದ ಸೀರಿಯಂ ಜಾಗದಲ್ಲಿ ಎರಡು ಧನಾವೇಶದ ಪಲ್ಲಾಡಿಯಂ ಬಂದರೆ ಸಮತೋಲಕ್ಕಾಗಿ ಪಕ್ಕದ ಒಂದು ಆಮ್ಲಜನಕ ಖಾಲಿ ಬೀಳುತ್ತದೆ. ಹೀಗೆ ಕಾರ್ಬನ್ ಮಾನಾಕ್ಸೈಡಿಗೆ ಲೋಹದ ಅಯಾನು, ಆಮ್ಲಜನಕಕ್ಕೆ ಆ ಖಾಲಿ ಜಾಗ ಎಂದು ನೆಲೆಗಳು ಬೇರೆಯಾದವು, ಪೈಪೋಟಿ ತಪ್ಪಿತು. ಲೋಹದ ಕಣದಲ್ಲಿ ಒಳಗೆ ಅಡಗಿದ ಪರಮಾಣುಗಳು ವ್ಯರ್ಥ. ಇಲ್ಲಿ ಲೋಹ ಬಿಡಿಬಿಡಿಯಾಗಿ ಹರಡಿರುತ್ತದೆ. ಪಾಟೀಲ್, ಹೆಗಡೆ ಮತ್ತು ಅವರ ಸಹೋದ್ಯೋಗಿ ಗಿರಿಧರ್ ಮದ್ರಾಸ್ ಈ ಕೆಲಸವನ್ನು 2009ರಲ್ಲಿ ಒಟ್ಟಾಗಿ ವಿವರಿಸಿದರು.

ಸೀರಿಯಾಕ್ಕೆ ಟೈಟಾನಿಯಂ ಬೆರೆಸಿದಾಗ ಅದು ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಬಿಟ್ಟುಕೊಡುತ್ತಿತ್ತು. ಏಕೆ? ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉಮೇಶ್ ವಾಘ್ಮಾರೆ ಅವರ ಲೆಕ್ಕ, ಹೆಗಡೆ ಅವರ ಪುಡಿ, ಗೋವಾ ವಿಶ್ವವಿದ್ಯಾಲಯದವರ ಎಕ್ಸ್–ಕಿರಣ ಅಳತೆ 2006ರಲ್ಲಿ ಒಟ್ಟಿಗೆ ಉತ್ತರ ಕೊಟ್ಟವು. ಚಿಕ್ಕ ಟೈಟಾನಿಯಂ ಅಯಾನು ತನ್ನ ಸುತ್ತಲಿನ ಕೆಲವು ಆಮ್ಲಜನಕಗಳನ್ನು ಹತ್ತಿರ ಎಳೆದುಕೊಳ್ಳುತ್ತದೆ, ಉಳಿದವು ದೂರ ಸರಿಯುತ್ತವೆ. ಬಂಧ ಉದ್ದವಾದ ಆಮ್ಲಜನಕ ಸಡಿಲ, ಅದೇ ಮೊದಲು ಹೊರಬೀಳುತ್ತದೆ. ಹರಳನ್ನು ಸರಾಸರಿಯಾಗಿ ನೋಡುವ ಸಾಮಾನ್ಯ ಎಕ್ಸ್–ಕಿರಣ ಚಿತ್ರದಲ್ಲಿ ಈ ಒಳಗಿನ ಏರುಪೇರು ಕಾಣಿಸದು. ಹೊಸ ವಸ್ತುವಿನ ಭವಿಷ್ಯ ನುಡಿಯುವುದಕ್ಕಿಂತ ಕೈಯಲ್ಲಿರುವ ವಸ್ತುವಿನ ಗುಟ್ಟು ಬಿಡಿಸುವುದರಲ್ಲೇ ಡಿಎಫ್‌ಟಿ ಹೆಚ್ಚು ನಂಬಿಗಸ್ತ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಂಬಿಕೆಗೆ ಎಲ್ಲೆಯಿದೆ. ಬಂಧಶಕ್ತಿಯ ಲೆಕ್ಕದಲ್ಲಿ 0.1–0.2 ಎಲೆಕ್ಟ್ರಾನ್ ವೋಲ್ಟಿನ ತಪ್ಪು ಮಾಮೂಲು. ಕೋಣೆಯ ತಾಪಮಾನದಲ್ಲಿ ತಡೆಗೋಡೆಯ ಎತ್ತರ 0.06 ಬದಲಾದರೆ ವೇಗ ಹತ್ತು ಪಟ್ಟು ಬದಲಾಗುತ್ತದೆ, 0.2 ತಪ್ಪಿದರೆ ಸಾವಿರ ಪಟ್ಟು ಮೀರುತ್ತದೆ. ಒಂದೇ ಬಗೆಯ ಲೋಹಗಳಲ್ಲಿ ತಪ್ಪೂ ಒಂದೇ ದಿಕ್ಕಿಗಿರುವುದರಿಂದ ಯಾವುದು ಮೇಲು, ಯಾವುದು ಕೆಳಗು ಎಂಬ ಕ್ರಮ ಮಾತ್ರ ಉಳಿದುಕೊಳ್ಳುತ್ತದೆ. ಸೀರಿಯಾ ಇನ್ನೂ ಹಟಮಾರಿ: ಆಮ್ಲಜನಕ ಹೋದ ಮೇಲೆ ಉಳಿಯುವ ಒಂದೊಂದು ಎಲೆಕ್ಟ್ರಾನೂ ಒಂದೇ ಸೀರಿಯಂ ಮೇಲೆ ನಿಲ್ಲಬೇಕು, ಸಾದಾ ಡಿಎಫ್‌ಟಿ ಅದನ್ನು ಹಲವು ಪರಮಾಣುಗಳಿಗೆ ಹರಡಿಬಿಡುತ್ತದೆ. ಅದಕ್ಕಾಗಿ ಯು ಎಂಬ ತಿದ್ದುಪಡಿ ಸೇರಿಸುತ್ತಾರೆ, ಅದರ ಬೆಲೆ ಎಷ್ಟಿರಬೇಕೆಂಬ ಬಗ್ಗೆ ಒಮ್ಮತವಿಲ್ಲ.

ಯಂತ್ರಬಲ ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸಹಸ್ರಟಿ, 2022ರಲ್ಲಿ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರುಗಳು ಬಂದವು. ಹೊರಗೆ, ಫೇಸ್‌ಬುಕ್ (ಈಗಿನ ಮೆಟಾ) ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2020ರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಡಿಎಫ್‌ಟಿ ಲೆಕ್ಕಗಳನ್ನು ಎಲ್ಲರಿಗೂ ತೆರೆದಿಟ್ಟವು. ಅವುಗಳಿಂದ ಕಲಿತ ಯಂತ್ರ ಮಾದರಿಗಳು ದಿನಗಟ್ಟಲೆ ಹಿಡಿಯುವ ಲೆಕ್ಕವನ್ನು ಕ್ಷಣಗಳಲ್ಲಿ ಅಂದಾಜಿಸುತ್ತವೆ, ಡಿಎಫ್‌ಟಿಯ ತಪ್ಪುಗಳನ್ನೂ ಹಾಗೆಯೇ ಕಲಿಯುತ್ತವೆ. ಆ ಸಂಗ್ರಹದಲ್ಲಿ ಆಕ್ಸೈಡುಗಳಿರಲಿಲ್ಲ. ಅವುಗಳಿಗಾಗಿಯೇ 2022ರಲ್ಲಿ ಬಂದ ಎರಡನೆಯ ಸಂಗ್ರಹದಲ್ಲಿರುವುದು ಸುಮಾರು 62 ಸಾವಿರ ಲೆಕ್ಕಗಳು ಮಾತ್ರ.