ನೊಗ ಒಂದೇ, ಸಲಕರಣೆ ಹಲವು

ಬೈಲಹೊಂಗಲ ತಾಲ್ಲೂಕಿನ ನೇಸರಗಿಯ ಸುತ್ತಲಿನ ಹೊಲಗಳಲ್ಲಿ ಒಕ್ಕಲುತನದ ಸಲಕರಣೆಗಳನ್ನು ನೀವು ನೋಡಿರಬಹುದು. ನೊಗ ಒಂದೇ, ಎತ್ತಿನ ಜೋಡಿಯೂ ಒಂದೇ. ಉಳುವಾಗ ಆ ನೊಗಕ್ಕೆ ರಂಟೆಯನ್ನು ಕಟ್ಟುತ್ತಾರೆ. ಹೊಲವನ್ನು ಹದಗೊಳಿಸಲು ಕುಂಟೆಯನ್ನು, ಬಿತ್ತಲು ಕೂರಿಗೆಯನ್ನು, ಸಾಲುಗಳ ನಡುವಣ ಕಳೆ ತೆಗೆಯಲು ಎಡೆಕುಂಟೆಯನ್ನು ಕಟ್ಟುತ್ತಾರೆ. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಎತ್ತುಗಳನ್ನು ಸಾಕಬೇಕಾಗಿದ್ದರೆ ಒಕ್ಕಲಿಗನ ಪಾಡೇನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಿರಿ! ಕೂರಿಗೆ ಮಾಡುವ ಬಡಿಗನಿಗೆ ಎತ್ತುಗಳ ವಿಚಾರ ಬೇಕಿಲ್ಲ. ನೊಗಕ್ಕೆ ಅದು ಹೇಗೆ ಹೊಂದುತ್ತದೆಂಬುದಷ್ಟೇ ಅವನಿಗೆ ತಿಳಿದಿದ್ದರೆ ಸಾಕು.

ಟ್ರ್ಯಾಕ್ಟರಿನ ಹಿಂಬದಿಯಲ್ಲಿರುವ ಮೂರು ಕೊಂಡಿಗಳ ಮರ್ಮವೂ ಇದೇ. ಹ್ಯಾರಿ ಫರ್ಗ್ಯೂಸನ್ ಎಂಬ ಐರಿಷ್ ತಂತ್ರಜ್ಞನು ರೂಪಿಸಿದ ಈ ಏರ್ಪಾಡು 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರುಗಳ ಮೂಲಕ ಪ್ರಸಿದ್ಧವಾಯಿತು. ಕೊಂಡಿಗಳ ಅಳತೆ ಗೊತ್ತಾದ ಮೇಲೆ, ಒಬ್ಬರು ಮಾಡಿದ ನೇಗಿಲು ಮತ್ತೊಬ್ಬರು ಮಾಡಿದ ಟ್ರ್ಯಾಕ್ಟರಿಗೆ ಸಲೀಸಾಗಿ ಹೊಂದತೊಡಗಿತು.

ಗಣಕಯಂತ್ರದ ಕ್ರಮವಿಧಿಗಳನ್ನು ಬರೆಯುವವರೂ ಇದೇ ಉಪಾಯವನ್ನು ಅನುಸರಿಸಿದ್ದಾರೆ. ಒಂದು ಜಾಲತಾಣವು ಮಾಡಬೇಕಾದ ಸಕಲ ಕಾರ್ಯಗಳನ್ನೂ ಒಂದೇ ಕ್ರಮವಿಧಿಯಲ್ಲಿ ತುಂಬಿದರೆ ಅದು ಬೆಳೆದು ಬೆಳೆದು ಯಾರ ಅಳವಿಗೂ ನಿಲುಕದಂತಾಗುತ್ತದೆ. ಒಂದೆಡೆ ತಿದ್ದಿದರೆ ಇನ್ನೊಂದೆಡೆ ಕೆಡುತ್ತದೆ. ಆದಕಾರಣ ಅತ್ಯಗತ್ಯವಾದುದನ್ನು ಮಾತ್ರ ಮೂಲ ಕ್ರಮವಿಧಿಯಲ್ಲಿ ಇರಿಸಿ, ಉಳಿದುದನ್ನು ಬೇಕಾದಾಗ ಜೋಡಿಸಿ ಬೇಡವಾದಾಗ ಕಳಚಬಹುದಾದ ಬಿಡಿಭಾಗಗಳಾಗಿ ರಚಿಸುತ್ತಾರೆ. ಇಂತಹ ಬಿಡಿಭಾಗಕ್ಕೆ ಪ್ಲಗಿನ್ ಎಂದು ಹೆಸರು, ವಿಸ್ತರಣೆಯೆಂದೂ ಕರೆಯುವುದುಂಟು.

ಕನ್ನಡ ವಿಕಿಪೀಡಿಯವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. 2003ರಲ್ಲಿ ಆರಂಭವಾದ ಈ ಮುಕ್ತ ವಿಶ್ವಕೋಶವು ಮೀಡಿಯಾವಿಕಿ ಎಂಬ ಕ್ರಮವಿಧಿಯ ಮೇಲೆ ನಡೆಯುತ್ತದೆ. ಪುಟವನ್ನು ಉಳಿಸುವುದು, ಹಳೆಯ ಪ್ರತಿಗಳನ್ನು ಕಾಪಾಡುವುದು, ಯಾರು ಯಾವಾಗ ತಿದ್ದಿದರೆಂದು ದಾಖಲಿಸುವುದು ಮೂಲ ಕ್ರಮವಿಧಿಯ ಹೊಣೆ. ಅದು ತನ್ನ ಕೆಲಸದ ನಡುವೆ ಗೊತ್ತಾದ ಕೆಲವು ಸ್ಥಾನಗಳಲ್ಲಿ ಕ್ಷಣಕಾಲ ನಿಂತು, “ಇಲ್ಲಿ ಯಾರಿಗಾದರೂ ಕೆಲಸವಿದೆಯೇ?” ಎಂದು ವಿಚಾರಿಸುತ್ತದೆ. ಈ ಸ್ಥಾನಗಳನ್ನು ಕೊಕ್ಕೆಗಳೆನ್ನುತ್ತಾರೆ. ಪುಟವನ್ನು ಓದುಗನಿಗೆ ಕಳುಹಿಸುವ ಮೊದಲು ಒಂದು ಕೊಕ್ಕೆ, ತಿದ್ದುಪಡಿ ಉಳಿದ ಬಳಿಕ ಇನ್ನೊಂದು, ಹೀಗೆ ನೂರಾರು ಕೊಕ್ಕೆಗಳಿವೆ. ಪ್ರತಿ ವಿಸ್ತರಣೆಯೂ ತನ್ನ ಹೆಸರು, ಆವೃತ್ತಿ, ತಾನು ಹಿಡಿಯುವ ಕೊಕ್ಕೆಗಳು ಇವುಗಳನ್ನು ಒಂದು ಕಡತದಲ್ಲಿ ಬರೆದುಕೊಂಡು ಬರುತ್ತದೆ. ಇದನ್ನು ಅದರ ಪರಿಚಯಪತ್ರವೆನ್ನಬಹುದು. ಮೂಲ ಕ್ರಮವಿಧಿಯು ಅದನ್ನು ಓದಿ, ಆಯಾ ಸ್ಥಾನ ಬಂದಾಗ ಆ ವಿಸ್ತರಣೆಯನ್ನು ಕರೆಯುತ್ತದೆ.

ಕನ್ನಡಿಗರಿಗೆ ಈ ಏರ್ಪಾಡಿನಿಂದಾದ ಉಪಕಾರ ಸಾಮಾನ್ಯವಾದುದಲ್ಲ. ಮಲಯಾಳಂ ಬರೆಯುವವರ ಪ್ರಯತ್ನದಿಂದ ಹುಟ್ಟಿದ ನಾರಾಯಂ ಎಂಬ ವಿಸ್ತರಣೆಯು 2011ರಲ್ಲಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಬಂದಿತು. ಆ ಹೆಸರಿಗೆ ತಾಳೆಗರಿಯ ಮೇಲೆ ಬರೆಯುವ ಕಂಟವೆಂದು ಅರ್ಥ. ಎಷ್ಟು ಒಪ್ಪುವ ಹೆಸರು! 2013ರಲ್ಲಿ ಅದರ ಸ್ಥಾನವನ್ನು ಯೂನಿವರ್ಸಲ್ ಲಾಂಗ್ವೇಜ್ ಸೆಲೆಕ್ಟರ್ ಎಂಬ ದೊಡ್ಡ ವಿಸ್ತರಣೆಯು ವಹಿಸಿಕೊಂಡಿತು. ಇದರ ನೆರವಿನಿಂದ, ಕನ್ನಡದ ಯಾವ ತಂತ್ರಾಂಶವೂ ಇಲ್ಲದ ಗಣಕದ ಮುಂದೆ ಕುಳಿತವರೂ ಕನ್ನಡದಲ್ಲಿ ಬರೆಯಬಲ್ಲರು. ‘ಕೆ’ ಎಂಬ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ‘ಕ್’ ಮೂಡುತ್ತದೆ. ಮುಂದೆ ‘ಐ’ ಕೀಲಿಯನ್ನು ಒತ್ತಿದೊಡನೆ ವಿಸ್ತರಣೆಯು ಹಿಂದಿನ ಅಕ್ಷರವನ್ನು ತಿರುಗಿ ನೋಡಿ ಅದನ್ನು ‘ಕಿ’ ಎಂದು ಮಾರ್ಪಡಿಸುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ಕೀಲಿಮಣೆಯೂ ಇದರಲ್ಲಿದೆ. ಇನ್ನೂ ಒಂದು ಸ್ವಾರಸ್ಯವುಂಟು: ಪ್ರತಿ ಕೀಲಿಮಣೆಯ ನಿಯಮಗಳೂ ಪ್ರತ್ಯೇಕ ಕಡತದಲ್ಲಿದ್ದು, ಬಳಸುವವರು ಆರಿಸಿಕೊಂಡಾಗ ಮಾತ್ರ ಅದು ಬರುತ್ತದೆ. ವಿಸ್ತರಣೆಯೊಳಗೆ ಮತ್ತೆ ಬಿಡಿಭಾಗಗಳು! ಇದರಿಂದಾಗಿ ಕನ್ನಡದ ನಿಯಮವೊಂದನ್ನು ತಿದ್ದಬಯಸುವವನು ವಿಶ್ವಕೋಶದ ಒಳಗುಟ್ಟನ್ನೆಲ್ಲ ಅರಿಯಬೇಕಾಗಿಲ್ಲ.

ಈ ವಿಸ್ತರಣೆಗೆ ಮತ್ತೊಂದು ಕೆಲಸವೂ ಇತ್ತು. ಕನ್ನಡ ಅಕ್ಷರರೂಪಗಳಿಲ್ಲದ ಗಣಕದಲ್ಲಿ ಪುಟವು ಬರಿಯ ಚೌಕಗಳಾಗಿ ಕಾಣುತ್ತದೆ. ಆಗ ಅಕ್ಷರರೂಪವನ್ನು ಪುಟದೊಡನೆ ತಾನೇ ಕಳುಹಿಸುತ್ತಿತ್ತು. ಆದರೆ ಅಕ್ಷರರೂಪದ ಕಡತಗಳು ಭಾರವಾದವು. ಅವುಗಳಿಂದ ಪುಟಗಳು ತಡವಾಗಿ ತೆರೆಯುತ್ತಿವೆಯೆಂದು ಕಂಡುಬಂದುದರಿಂದ, 2014ರ ಜನವರಿ 21ರಂದು ವಿಕಿಪೀಡಿಯದಲ್ಲಿ ಈ ವಿಸ್ತರಣೆಯನ್ನು ನಿಲ್ಲಿಸಲಾಯಿತು. ಖಾತೆಯುಳ್ಳವರು ತಮ್ಮ ಆಯ್ಕೆಗಳಲ್ಲಿ ಅದನ್ನು ಪುನಃ ತೆರೆದುಕೊಳ್ಳಬಹುದಾಗಿತ್ತು. ಖಾತೆಯಿಲ್ಲದೆ ಬರುವವರಿಗಾದರೋ ಕನ್ನಡ ಕೀಲಿಮಣೆಯೇ ಇಲ್ಲವಾಯಿತು. ಸುಮಾರು ಒಂದು ತಿಂಗಳ ಬಳಿಕ ಅದು ಮರಳಿತು. ಅಕ್ಷರರೂಪಗಳನ್ನು ಮಾತ್ರ ತಾನಾಗಿ ಕಳುಹಿಸದೆ, ಬೇಕೆಂದವರಿಗಷ್ಟೇ ನೀಡುವಂತೆ ಮಾಡಲಾಗಿತ್ತು.

ಈ ಪ್ರಸಂಗವನ್ನು ಎರಡು ಬಗೆಯಾಗಿ ನೋಡಬಹುದು. ಒಂದು ಭಾಗವನ್ನು ಕಳಚಿದರೂ ವಿಶ್ವಕೋಶವು ಒಂದು ಗಳಿಗೆಯೂ ನಿಲ್ಲಲಿಲ್ಲವೆಂಬುದು ಈ ರಚನೆಯ ಹಿರಿಮೆ. ಕಳಚಬಹುದಾದುದೆಂಬ ಕಾರಣಕ್ಕಾಗಿಯೇ ಕೆಲವರ ಭಾಷಾಸೌಕರ್ಯವು ಮೊದಲು ಕಳಚಿಹೋಯಿತೆಂಬುದೂ ಅಷ್ಟೇ ನಿಜ. ಇಂಗ್ಲಿಷ್ ಬರೆಯುವವರಿಗೆ ಅಂದು ಇಂತಹ ತೊಡಕೇ ಇರಲಿಲ್ಲ. ಯಾವುದು ಮೂಲದಲ್ಲಿರಬೇಕು, ಯಾವುದು ಜೋಡಣೆಯಾಗಬೇಕು ಎಂಬುದು ಕೇವಲ ತಂತ್ರದ ಪ್ರಶ್ನೆಯೆಂದು ಈ ಲೇಖಕನಿಗೆ ತೋರುವುದಿಲ್ಲ.

ಇತರ ಅಪಾಯಗಳೂ ಇವೆ. ಮೂಲ ಕ್ರಮವಿಧಿಯು ಕೊಕ್ಕೆಯ ರೀತಿಯನ್ನು ಬದಲಿಸಿದರೆ ಅದನ್ನು ನಂಬಿದ ವಿಸ್ತರಣೆಗಳೆಲ್ಲ ನಿರುಪಯುಕ್ತವಾಗುತ್ತವೆ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ವೀಕ್ಷಕದ 57ನೆಯ ಆವೃತ್ತಿಯು ಹಳೆಯ ಪದ್ಧತಿಯನ್ನು ಕೈಬಿಟ್ಟಾಗ ಆಗಿದ್ದು ಇದೇ. ಇದಕ್ಕಿಂತ ಘೋರವಾದುದು ಭದ್ರತೆಯ ಪ್ರಶ್ನೆ. ಜೋಡಿಸಿದ ವಿಸ್ತರಣೆಗೆ ಸಾಮಾನ್ಯವಾಗಿ ಮೂಲ ಕ್ರಮವಿಧಿಗಿರುವ ಅಧಿಕಾರವೆಲ್ಲವೂ ದೊರೆಯುತ್ತದೆ. 2004ರಿಂದ ಪ್ಲಗಿನ್‌ಗಳನ್ನು ಸ್ವೀಕರಿಸುತ್ತಿರುವ ವರ್ಡ್‌ಪ್ರೆಸ್ ಎಂಬ ಕ್ರಮವಿಧಿಯಲ್ಲಿ, ಕಡತಗಳನ್ನು ನಿರ್ವಹಿಸುವ ಒಂದು ಪ್ಲಗಿನ್ 7 ಲಕ್ಷಕ್ಕೂ ಮಿಕ್ಕ ತಾಣಗಳಲ್ಲಿ ಬಳಕೆಯಲ್ಲಿತ್ತು. ಅದರಲ್ಲಿದ್ದ ಒಂದು ಬಿರುಕಿನ ಮೂಲಕ ಅಪರಿಚಿತರು ತಮ್ಮ ಕಡತಗಳನ್ನು ಒಳನುಗ್ಗಿಸಬಹುದೆಂದು 2020ರ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದಿತು. ಮನೆ ಭದ್ರವಾಗಿದ್ದರೂ ಸೇರಿಸಿದ ಕಿಟಕಿ ಸಡಿಲವಾಗಿತ್ತು.

ಆದುದರಿಂದ ವಿಕಿಪೀಡಿಯದಂತಹ ತಾಣಗಳಲ್ಲಿ ಹೊಸ ವಿಸ್ತರಣೆಯನ್ನು ಒಡನೆಯೇ ಜೋಡಿಸುವುದಿಲ್ಲ. ಬರೆದವರ ಹೊರತು ಬೇರೆಯವರು ಅದರ ಸಾಲುಗಳನ್ನು ಓದಿ ನೋಡುತ್ತಾರೆ; ಭದ್ರತೆಯ ಪರಿಶೀಲನೆ ನಡೆಯುತ್ತದೆ; ಮೊದಲು ಪರೀಕ್ಷೆಗೆಂದೇ ಇರಿಸಿದ ತಾಣದಲ್ಲಿ ಓಡಿಸಿ, ಅನಂತರ ಕೆಲವೇ ಭಾಷೆಗಳ ತಾಣಗಳಿಗೆ ಕೊಟ್ಟು, ತೊಂದರೆ ಕಾಣದಿದ್ದರೆ ಉಳಿದವುಗಳಿಗೆ ವಿಸ್ತರಿಸುತ್ತಾರೆ.