ಬದಲಿಸುವುದೊಂದೇ ದಾರಿಯೇ?

ಹತ್ತು ವರ್ಷ ದಾಟಿದ ಕಾರುಗಳಲ್ಲಿ ಎಂಜಿನ್ನಿಗಿಂತ ಮೊದಲು ಮುಪ್ಪಿಗೆ ತುತ್ತಾಗುವುದು ಎಷ್ಟೋ ವೇಳೆ ಚಾಲಕನ ಕಣ್ಣೆದುರಿನ ಡಿಜಿಟಲ್ ಪರದೆ. ಮೊದಲು ಒಂದು ಗೆರೆ ಮಾಯವಾಗಿ 8 ಎಂಬ ಅಂಕಿ 6ರಂತೆ ಕಾಣತೊಡಗುತ್ತದೆ. ಬೇಸಿಗೆಯ ಮಧ್ಯಾಹ್ನ ಅರ್ಧ ಪರದೆಯೇ ಬರಿದಾಗಿ, ಸಂಜೆಯ ತಂಪಿಗೆ ಮರಳಿ ಮೂಡುತ್ತದೆ. ಇದನ್ನು ಕೇವಲ ಅಂದಗೆಡಿಸುವ ದೋಷವೆಂದು ತಳ್ಳಿಹಾಕುವಂತಿಲ್ಲ. ವೇಗಮಾಪಕ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಇಂಧನದ ಮಟ್ಟ, ಎಂಜಿನ್ನಿನ ತಾಪ, ಬ್ರೇಕ್ ಮತ್ತು ಏರ್‌ಬ್ಯಾಗ್‌ಗಳ ಎಚ್ಚರಿಕೆ ದೀಪ ಎಲ್ಲವೂ ಈಗ ಅದೇ ಒಂದು ಫಲಕದಲ್ಲಿ ಅಡಕವಾಗಿವೆ. ಹೀಗಾಗಿ ಅದರ ದುರಸ್ತಿ ಸುರಕ್ಷತೆಯ ಪ್ರಶ್ನೆಯೂ ಹೌದು. ಅದಕ್ಕಿಂತ ಹೆಚ್ಚಾಗಿ, ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಯೂ ಹೌದು.

ದೋಷದ ಸ್ವರೂಪವನ್ನು ಅರಿಯುವುದು ಕಷ್ಟವೇನಲ್ಲ. ಆ ತಲೆಮಾರಿನ ಕಾರುಗಳಲ್ಲಿರುವ ಸಾಮಾನ್ಯ ಪರದೆ ಎಲ್‌ಸಿಡಿ. ಅದು ತಾನಾಗಿ ಬೆಳಗುವುದಿಲ್ಲ. ಹಿಂಬದಿಯ ದೀಪದ ಬೆಳಕನ್ನು ತಡೆದು ಅಥವಾ ಹಾಯಗೊಟ್ಟು ಅಂಕಿಯನ್ನು ಮೂಡಿಸುತ್ತದೆ. ಟಾರ್ಚ್ ಹಿಡಿದಾಗ ಅಂಕಿಗಳು ಮಸುಕಾಗಿ ಕಂಡರೆ ಕೆಟ್ಟಿರುವುದು ಆ ದೀಪವಷ್ಟೇ. ಇಡೀ ಫಲಕವೇ ಕತ್ತಲಾಗಿದ್ದರೆ ಮೊದಲು ನೋಡಬೇಕಾದುದು ಫ್ಯೂಸ್ ಮತ್ತು ವಿದ್ಯುತ್ ಪೂರೈಕೆಯನ್ನು. ಕೆಲವೇ ಗೆರೆಗಳು ಮಾಯವಾಗಿ, ಬಿಸಿಲು ತಂಪಿಗೆ ತಕ್ಕಂತೆ ಬಂದು ಹೋಗುತ್ತಿದ್ದರೆ, ಗಾಜಿಗೂ ಸರ್ಕ್ಯೂಟ್ ಬೋರ್ಡಿಗೂ ನಡುವಿನ ಸಂಪರ್ಕ ಸಡಿಲಗೊಂಡಿರುವ ಸಂಭವವೇ ಹೆಚ್ಚು. ಶಾಖ ಮತ್ತು ಒತ್ತಡ ಕೊಟ್ಟು ಅಂಟಿಸಿದ ತೆಳುವಾದ ರಿಬ್ಬನ್ ಕೇಬಲ್ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹಿಗ್ಗಿ ಕುಗ್ಗಿ ಹಿಡಿತ ಬಿಡುತ್ತದೆ. ಕೆಲವು ಬಾರಿ ಬೋರ್ಡಿನ ಬೆಸುಗೆಯೇ ಬಿರುಕು ಬಿಟ್ಟಿರುತ್ತದೆ. ಗಾಜು ಒಡೆದು ಮಸಿಯಂಥ ಕಲೆ ಹರಡಿದ್ದರೆ ಮಾತ್ರ ಬದಲಾವಣೆ ಅನಿವಾರ್ಯ. ಆಗಲೂ ಬದಲಿಸಬೇಕಾದುದು ಪರದೆಯನ್ನೇ ಹೊರತು ಇಡೀ ಫಲಕವನ್ನಲ್ಲ.

ನನ್ನ ಹನ್ನೆರಡು ವರ್ಷದ ಕಾರಿಗೆ ಈ ತೊಂದರೆ ಬಂದಾಗ ಅಧಿಕೃತ ಸೇವಾ ಕೇಂದ್ರವೊಂದು ನೀಡಿದ ಅಂದಾಜು ರೂ. 38,000. ಇಡೀ ಫಲಕ ಹೊಸದು. ಅದನ್ನು ಕಾರಿಗೆ ಹೊಂದಿಸಲು ಪ್ರತ್ಯೇಕ ಶುಲ್ಕ. ದೋಷ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. 'ಬದಲಿಸಬೇಕು' ಎಂಬ ತೀರ್ಮಾನವಷ್ಟೇ ಇತ್ತು. ಜೆ.ಸಿ. ರಸ್ತೆಯ ಒಂದು ಪುಟ್ಟ ಮಳಿಗೆಯಲ್ಲಿ ಮಧ್ಯವಯಸ್ಸಿನ ಮೆಕ್ಯಾನಿಕ್ ಫಲಕವನ್ನು ಬಿಚ್ಚಿ, ಗಾಜಿನ ಅಂಚನ್ನು ಬೆರಳಿನಿಂದ ಮೃದುವಾಗಿ ಒತ್ತಿದರು. ಮಾಯವಾಗಿದ್ದ ಗೆರೆಗಳು ಮೂಡಿದವು. 'ಗಾಜು ಚೆನ್ನಾಗಿದೆ ಸಾರ್, ಪಟ್ಟಿ ಬಿಟ್ಟುಕೊಂಡಿದೆ ಅಷ್ಟೆ' ಎಂದರು. ಒಂದೂವರೆ ಗಂಟೆಯ ಕೆಲಸಕ್ಕೆ ಅವರು ಪಡೆದದ್ದು ರೂ. 2,500. ಅನಂತರ ಎರಡು ಬೇಸಿಗೆಗಳು ಕಳೆದಿವೆ; ಅಂಕಿಗಳು ಸ್ಪಷ್ಟವಾಗಿಯೇ ಇವೆ.

ಈ ಎರಡು ಮೊತ್ತಗಳ ಅಂತರವನ್ನು ಕೇವಲ ಲೋಭವೆಂದು ಕರೆದರೆ ವಿಷಯ ಅರ್ಥವಾಗುವುದಿಲ್ಲ. ಹೊಸ ಕಾರು ಕೊಳ್ಳುವಾಗ ಗ್ರಾಹಕನಿಗೆ ಹತ್ತು ಕಂಪನಿಗಳ ಆಯ್ಕೆಯಿದೆ. ಅಲ್ಲಿ ಪೈಪೋಟಿ ತೀವ್ರವಾಗಿದೆ. ಕೊಂಡ ಮರುದಿನದಿಂದ ಆತ ಒಂದೇ ಕಂಪನಿಯ ಬಿಡಿಭಾಗಗಳಿಗೆ ಬದ್ಧ. ಬೇರೊಂದು ಕಂಪನಿಯ ಫಲಕ ಅಗ್ಗವೆಂದು ಅದನ್ನು ತಂದು ಜೋಡಿಸಲಾಗದು. ಪೈಪೋಟಿಯ ಮಾರುಕಟ್ಟೆಯ ಬೆನ್ನಿಗೇ ಒಂದು ಸಣ್ಣ ಏಕಸ್ವಾಮ್ಯ ಹುಟ್ಟಿಕೊಳ್ಳುವುದು ಹೀಗೆ.

ಈ ತರ್ಕವನ್ನು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. 14 ಕಾರು ತಯಾರಿಕಾ ಕಂಪನಿಗಳು ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆಯೆಂದು ಅದು ಕಂಡುಕೊಂಡು, ಒಟ್ಟು ರೂ. 2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದುಪಡಿಸಕೂಡದು, ಆ ದುರಸ್ತಿಯಿಂದಲೇ ಹಾನಿಯಾಗಿದ್ದರೆ ಆ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಆದೇಶಿಸಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. ಸೇವಾ ಕೇಂದ್ರಗಳ ಕಟ್ಟೆಯ ಮುಂದೆ ನಿಂತ ಗ್ರಾಹಕನಿಗೆ ಅದರ ಫಲ ಕೈಗೆಟುಕಿದಂತೆ ಕಾಣುವುದಿಲ್ಲ.

ಕಂಪನಿಗಳ ಪ್ರತಿವಾದವನ್ನೂ ಗಂಭೀರವಾಗಿ ಪರಿಶೀಲಿಸಬೇಕು. ಅನೇಕ ಕಾರುಗಳಲ್ಲಿ ಓಡಿದ ಕಿಲೋಮೀಟರುಗಳ ಲೆಕ್ಕ ಕುಳಿತಿರುವುದು ಈ ಫಲಕದ ಸ್ಮೃತಿಕೋಶದಲ್ಲೇ. ಅದನ್ನು ಬಿಚ್ಚಬಲ್ಲವರಲ್ಲಿ ಕೆಲವರು ಆ ಲೆಕ್ಕವನ್ನೂ ತಿದ್ದಬಲ್ಲರು. ಲಕ್ಷ ಕಿಲೋಮೀಟರ್ ಓಡಿದ ಕಾರು ನಲವತ್ತು ಸಾವಿರಕ್ಕೆ ಇಳಿದರೆ ಮೋಸಹೋಗುವವನು ಮುಂದಿನ ಖರೀದಿದಾರ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಳಸಿದ ಉದಾಹರಣೆ ಹಳೆಯ ಕಾರುಗಳ ಮಾರುಕಟ್ಟೆಯದೇ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಕಾರುಗಳು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತವೆ ಎಂದು ಅವರು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು.

ಆದರೆ ಕಳ್ಳತನದ ಭಯಕ್ಕೆ ಬೀಗದ ಕೈಯನ್ನೆಲ್ಲ ಒಬ್ಬನಿಗೇ ಒಪ್ಪಿಸುವುದು ಪರಿಹಾರವಲ್ಲ. ಬೆಲ್ಜಿಯಂ ದೇಶದಲ್ಲಿ 2006ರಿಂದ 'ಕಾರ್-ಪಾಸ್' ಎಂಬ ಏರ್ಪಾಡಿದೆ. ಸ್ವತಂತ್ರ ಗ್ಯಾರೇಜುಗಳೂ ಸೇರಿದಂತೆ ವೃತ್ತಿನಿರತರೆಲ್ಲರೂ ಕೆಲಸಕ್ಕೆ ಬಂದ ಕಾರಿನ ಕಿಲೋಮೀಟರ್ ಅಂಕಿಯನ್ನು ದಾಖಲಿಸುತ್ತಾರೆ. ಹಳೆಯ ಕಾರು ಮಾರುವಾಗ ಆ ಇತಿಹಾಸ ಕೊಳ್ಳುವವನ ಕೈಸೇರುತ್ತದೆ. ಕಿಲೋಮೀಟರ್ ತಿದ್ದುವ ಲಾಭವೇ ಅಲ್ಲಿ ಬತ್ತಿಹೋಗುತ್ತದೆ. ಜೆ.ಸಿ. ರಸ್ತೆಯ ಆ ಮೆಕ್ಯಾನಿಕ್ ಕೂಡ ಫಲಕ ಬಿಚ್ಚುವ ಮೊದಲು ಕೇಳಿದ್ದು ಕಳೆದ ಸರ್ವಿಸಿನ ಬಿಲ್ಲನ್ನು: 'ಕಿಲೋಮೀಟರ್ ನೋಡಿಕೊಳ್ಳಿ ಸಾರ್, ಆಮೇಲೆ ಅನುಮಾನ ಬರಬಾರದು.' ಕಾನೂನು ಕೇಳದಿದ್ದರೂ ಆತ ಪಾಲಿಸುತ್ತಿದ್ದ ಶಿಸ್ತು ಅದು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿದಾಗ ಆಯ್ದುಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಆರಂಭವಾಯಿತು. ಮಾಹಿತಿ ಒದಗಿಸುವುದು ಸ್ವಾಗತಾರ್ಹ. ಆದರೆ ಮಾಹಿತಿ ಬೇರೆ, ಹಕ್ಕು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ವಾಹನ ದುರಸ್ತಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂಬ ಕಾನೂನಿಗೆ ಮತ ಹಾಕಿದರು.

ಸರ್ಕಾರಿ ಸೇವೆಯಲ್ಲಿ ಇಲಾಖೆಯ ಜೀಪುಗಳ ದುರಸ್ತಿ ಕಡತಗಳು ನನ್ನ ಮೇಜಿಗೆ ಬರುತ್ತಿದ್ದಾಗ ಎರಡು ಪ್ರಶ್ನೆಗಳನ್ನು ಕೇಳುವ ಪದ್ಧತಿಯಿತ್ತು: ಕೆಟ್ಟ ಭಾಗ ಯಾವುದು? ತೆಗೆದ ಹಳೆಯ ಭಾಗ ಎಲ್ಲಿ? ಖಾಸಗಿ ಗ್ರಾಹಕನಿಗೂ ಈ ಎರಡು ಪ್ರಶ್ನೆಗಳನ್ನು ಕೇಳುವ ಹಕ್ಕು ಬೇಕು. ಒಂದು ಮಿತಿ ಮೀರಿದ ಬೆಲೆಯ ಭಾಗವನ್ನು ಬದಲಿಸಬೇಕೆಂದರೆ, ದೋಷವೇನು, ದುರಸ್ತಿ ಏಕೆ ಸಾಧ್ಯವಿಲ್ಲ ಎಂಬುದನ್ನು ಸೇವಾ ಕೇಂದ್ರ ಲಿಖಿತವಾಗಿ ಕೊಡಬೇಕು. ಹೊಸ ಫಲಕವನ್ನು ಕಾರಿಗೆ ಹೊಂದಿಸುವ ತಂತ್ರಾಂಶ ನ್ಯಾಯವಾದ ಶುಲ್ಕಕ್ಕೆ ಅರ್ಹ ಗ್ಯಾರೇಜುಗಳಿಗೂ ದೊರೆಯಬೇಕು. ಕಿಲೋಮೀಟರ್ ಅಂಕಿ ಪ್ರತಿ ದುರಸ್ತಿಯ ಬಿಲ್ಲಿನಲ್ಲೂ ದಾಖಲಾಗಬೇಕು. ನಮ್ಮ ಐಟಿಐಗಳ ವಾಹನ ವಿಭಾಗಗಳಲ್ಲಿ ಸ್ಪ್ಯಾನರ್ ಜತೆಗೆ ಬೆಸುಗೆ ಕಡ್ಡಿಯನ್ನು ಹಿಡಿಯಲು ಕಲಿಸಬೇಕು.

ಇವಾವುವೂ ಬೊಕ್ಕಸಕ್ಕೆ ಹೊರೆಯಾಗುವ ಕ್ರಮಗಳಲ್ಲ. ಇವು ಜಾರಿಯಾಗದಿದ್ದರೆ, ಹಳೆಯ ಕಾರನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬಯಸುವ ಪಿಂಚಣಿದಾರನೂ, ಅದನ್ನು ಸರಿಪಡಿಸಬಲ್ಲ ಕುಶಲಕರ್ಮಿಯೂ ಒಟ್ಟಿಗೇ ನಷ್ಟ ಅನುಭವಿಸುತ್ತಾರೆ. ಒಬ್ಬನು ಹಣ ಕಳೆದುಕೊಳ್ಳುತ್ತಾನೆ, ಇನ್ನೊಬ್ಬನು ಕಸುಬನ್ನೇ ಕಳೆದುಕೊಳ್ಳುತ್ತಾನೆ.