ಹಳೆಯ ಆಟೋಮ್ಯಾಟಿಕ್ ಕಾರಿಗೆ ಬೇರೆ ಎಂಜಿನ್

ಪ್ರಶ್ನೆ: ಆಟೋಮ್ಯಾಟಿಕ್ ಕಾರಿನ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಿದರೆ ಗೇರ್‌ಬಾಕ್ಸ್ ಕೆಡುವುದೆ?
– ಓದುಗರೊಬ್ಬರು, ರಾಯಲ್ಪಾಡು

ಉತ್ತರ: ಕೆಡಲೇಬೇಕೆಂಬ ನಿಯಮವೇನೂ ಇಲ್ಲ, ಅವಸರದಿಂದ ಕೂರಿಸಿದರೆ ಕೆಡುವುದು ನಿಶ್ಚಯ. ಇಂತಹ ಕಾರಿನಲ್ಲಿ ಕ್ಲಚ್ಚಿನ ಸ್ಥಾನದಲ್ಲಿದ್ದು ತೈಲದ ವೇಗದಿಂದಲೇ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರನ್ನು, ಎಂಜಿನ್ ಇಳಿಸುವ ಮುನ್ನ, ಕ್ರ್ಯಾಂಕ್ ತಿರುಗಿಸುತ್ತ ಒಂದೊಂದೇ ಬೋಲ್ಟನ್ನು ಬಿಚ್ಚಿ ಫ್ಲೆಕ್ಸ್‌ಪ್ಲೇಟಿನಿಂದ ಬೇರ್ಪಡಿಸಿ, ಅದು ಗೇರ್‌ಬಾಕ್ಸಿನಲ್ಲಿಯೇ ಉಳಿಯುವಂತೆ ಎಚ್ಚರ ವಹಿಸತಕ್ಕದ್ದು. ಮರಳಿ ಜೋಡಿಸುವಾಗಲಾದರೋ, ಕನ್ವರ್ಟರನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಒಳಕ್ಕೊತ್ತಿ, ಅದರ ಕಂಠವು ತೈಲಪಂಪಿನಲ್ಲಿ ಪೂರ್ಣವಾಗಿ ಕೂತುದನ್ನು ಕಂಡುಕೊಂಡ ಮೇಲಷ್ಟೇ ಎಂಜಿನ್ನನ್ನು ಸಮೀಪಕ್ಕೆ ತರಬೇಕು. ಎಂಜಿನ್, ಗೇರ್‌ಬಾಕ್ಸ್ ಎರಡರ ಮೈಗಳೂ ತಾವಾಗಿ ಕೂಡದೆ ಸಂದಿ ಉಳಿದಿರುವಾಗ ಬೋಲ್ಟಿನ ಬಲದಿಂದ ಎಳೆದು ಬಿಗಿಯುವುದು ಈ ಕಸುಬಿನಲ್ಲಿ ಅಕ್ಷಮ್ಯ. ಪಂಪು ಒಡೆಯುವುದು ಆಗಲೇ, ಅಪಕೀರ್ತಿ ಮಾತ್ರ ಹೊಸ ಎಂಜಿನ್ನಿಗೆ. ಎಂಜಿನ್ ಕೆಳಗಿಳಿದಿರುವಾಗಲೇ ಕನ್ವರ್ಟರಿನ ಎಣ್ಣೆ ಸೀಲನ್ನೂ ಬದಲಿಸಿಕೊಳ್ಳುವುದು ಲೇಸು. ಇಲ್ಲವಾದರೆ ಅನಂತರ ಅಷ್ಟು ಸಣ್ಣ ವಸ್ತುವಿಗಾಗಿ ಇಡೀ ಶ್ರಮವನ್ನು ಪುನಃ ಪಡಬೇಕಾದೀತು.

ಎಂಜಿನ್ ಸಂಖ್ಯೆಯು ಆರ್‌ಸಿಯಲ್ಲಿ ನಮೂದಾಗಿರುವುದರಿಂದ, ಖರೀದಿಯ ರಸೀತಿಯನ್ನು ಜೋಪಾನವಾಗಿರಿಸಿ, ಕಾರು ಕೆಎ 07 ಸಂಖ್ಯೆಯದಾದರೆ ಕೋಲಾರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಹೊಸ ಸಂಖ್ಯೆಯನ್ನು ಬರೆಸಿಕೊಳ್ಳಿ.